ಕೂಡುಗೋಡೆಯ ಲೆಕ್ಕ

ಕನ್ನಡದಲ್ಲಿ ಮನೆಯನ್ನು ‘ಕಟ್ಟುತ್ತೇವೆ’. ಹೂಮಾಲೆಯನ್ನೂ ಕಟ್ಟುತ್ತೇವೆ, ಹುಲ್ಲಿನ ಹೊರೆಯನ್ನೂ ಕಟ್ಟುತ್ತೇವೆ. ಬಿಡಿಯಾಗಿರುವ ವಸ್ತುಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸುವ ಕ್ರಿಯೆಗೆ ನಮ್ಮ ಹಿರಿಯರು ಬಳಸಿದ ಮಾತೇ ಮನೆಯ ವಿಷಯಕ್ಕೂ ಬಂದಿದೆ. ಆದರೆ ಎಷ್ಟನ್ನು ಬಿಗಿಯಬೇಕು? ಒಂದು ಸಂಸಾರಕ್ಕೆ ಬೇಕಾದ ಕಲ್ಲು ಮಣ್ಣುಗಳನ್ನು ಮಾತ್ರವೋ, ಅಥವಾ ಹಲವು ಸಂಸಾರಗಳ ಮನೆಗಳನ್ನು ಒಟ್ಟಿಗೋ? ಹತ್ತು ಸಂಸಾರಗಳಿಗೆ ಹತ್ತು ಬಿಡಿ ಮನೆಗಳನ್ನು ಕಟ್ಟುವುದು ಮಿತವ್ಯಯವೋ, ಹತ್ತಕ್ಕೂ ಸೇರಿ ಒಂದೇ ಕಟ್ಟಡವನ್ನು ಎಬ್ಬಿಸುವುದು ಮಿತವ್ಯಯವೋ? ಇದು ಬೆಂಗಳೂರು, ಮುಂಬಯಿಗಳಂಥ ಮಹಾನಗರಗಳ ಪ್ರಶ್ನೆ, ನಮಗೇಕೆ ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕೇಳುಗರು ಭಾವಿಸಬಹುದು. ಹಾಗಲ್ಲವೆಂದು ತೋರಿಸುವುದೇ ಈ ಭಾಷಣದ ಉದ್ದೇಶ. ಅಪಾರ್ಟ್‌ಮೆಂಟ್ ಎಂಬ ಮಾತು ನಮಗೆ ಹೊಸದಿರಬಹುದು. ಅದರ ಹಿಂದಿರುವ ಲೆಕ್ಕ ಈ ನೆಲದಲ್ಲಿ ಬಹು ಹಳೆಯದು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಎಂಜಿನಿಯರನಲ್ಲ. ಆದರೆ ಈ ಲೆಕ್ಕಕ್ಕೆ ಬೇಕಾದ ಗಣಿತ ಪ್ರಾಥಮಿಕ ಶಾಲೆಯದು. ಇತಿಹಾಸ ಮಾತ್ರ ಸ್ವಲ್ಪ ಉದ್ದದ್ದು.

ಗಂಗಾವತಿಗೆ ಪಶ್ಚಿಮದಲ್ಲಿ ಹಿರೇಬೆಣಕಲ್ ಗ್ರಾಮವಿದೆ. ಅದರ ಗುಡ್ಡವನ್ನು ಹತ್ತಿದರೆ ಬೃಹತ್ ಶಿಲಾಯುಗದ ನಾನೂರರಷ್ಟು ಶಿಲಾ ಸಮಾಧಿಗಳು ಕಾಣುತ್ತವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ನೆಲೆ ೨೦೨೧ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಸುತ್ತಲಿನ ಜನ ಇದನ್ನು ಮೋರ್ಯರ ಗುಡ್ಡವೆನ್ನುತ್ತಾರೆ, ಮೋರ್ಯರೆಂಬ ಜನ ಅಲ್ಲಿ ವಾಸಿಸುತ್ತಿದ್ದರೆಂದು ನಂಬುತ್ತಾರೆ. ಗುಡ್ಡದಿಂದಲೇ ಎಬ್ಬಿಸಿದ ಚಪ್ಪಡಿಗಳನ್ನು ಸುತ್ತ ನಿಲ್ಲಿಸಿ, ಮೇಲೊಂದು ಭಾರಿ ಬಂಡೆಯನ್ನು ಹೊದಿಸಿ, ಒಂದು ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದ ಈ ರಚನೆಗಳು ನೋಡಲು ಮನೆಗಳಂತೆಯೇ ಇವೆ. ನಮ್ಮ ವಿಷಯಕ್ಕೆ ಬೇಕಾದ ಸಂಗತಿಯೆಂದರೆ, ಅವು ಬಿಡಿ ಮನೆಗಳು. ಪ್ರತಿಯೊಂದಕ್ಕೂ ತನ್ನವೇ ಗೋಡೆಗಳು, ತನ್ನದೇ ಮಾಡು. ಸತ್ತವರಿಗಾಗಿ ಕಟ್ಟುವಾಗ ಮನುಷ್ಯ ಖರ್ಚಿನ ಲೆಕ್ಕ ನೋಡುವುದಿಲ್ಲ. ಬದುಕಿರುವವರು ಮಾತ್ರ ನೋಡಲೇಬೇಕು.

ದೇವರ ಮನೆಗಳಲ್ಲಿ ಎರಡು ಬಗೆಯನ್ನೂ ನಮ್ಮ ಸೀಮೆಯಲ್ಲೇ ಕಾಣಬಹುದು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ, ಒಂಬತ್ತನೆಯ ಶತಮಾನದ ನವಲಿಂಗ ದೇವಾಲಯವಿದೆ. ಒಂಬತ್ತು ಗರ್ಭಗೃಹಗಳು ಅಲ್ಲಿ ಒತ್ತಾಗಿ ಸೇರಿಕೊಂಡಿವೆ. ನಡುವಣ ಮಂಟಪಗಳು ಹಂಚಿಕೆಯವು. ಒಂಬತ್ತು ದೇವರಿಗೆ ಒಂಬತ್ತು ಬೇರೆ ಬೇರೆ ಗುಡಿಗಳನ್ನು ಕಟ್ಟಿದ್ದರೆ ಎಷ್ಟು ಮಂಟಪಗಳು, ಎಷ್ಟು ಕಂಬಗಳು ಬೇಕಾಗುತ್ತಿದ್ದವು! ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ ಇಟಗಿ ಇದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು ೧೧೧೨ರಲ್ಲಿ ಅಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆ. ಚಕ್ರವರ್ತಿ ಗೋಡೆಯನ್ನು ಯಾರೊಡನೆಯೂ ಹಂಚಿಕೊಳ್ಳುವುದಿಲ್ಲ. ನಾಲ್ಕು ದಿಕ್ಕಿನಿಂದಲೂ ನೋಡತಕ್ಕ ವೈಭವ ಬೇಕೆಂದರೆ ನಾಲ್ಕು ಹೊರಗೋಡೆಗಳ ಖರ್ಚನ್ನೂ ತೆರಬೇಕು. ಬಿಡಿ ಮನೆಯ ಆಕರ್ಷಣೆಯೂ ಅದರ ಬೆಲೆಯೂ ಇಟಗಿಯಲ್ಲಿ ಒಟ್ಟಿಗೇ ಇವೆ.

ಇನ್ನು ಮನುಷ್ಯರ ಮನೆಗಳಿಗೆ ಬರೋಣ. ಈ ಸೀಮೆಯ ಹಳೆಯ ಮನೆ ಮಾಳಿಗೆಯ ಮನೆ. ಎರಡು ಎರಡೂವರೆ ಅಡಿ ದಪ್ಪದ ಮಣ್ಣಿನ ಅಥವಾ ಕಲ್ಲು ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪುಗಳ ಹಾಸು, ಎಲ್ಲಕ್ಕೂ ಮೇಲೆ ದಪ್ಪನಾಗಿ ಹರಡಿ ಬಡಿದ ಮಣ್ಣು. ಕೊನೆಯ ಪದರಕ್ಕೆ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಆ ಉಪ್ಪು ಮಣ್ಣು ನೀರು ತಾಗಿದೊಡನೆ ಸಣ್ಣ ಕಣಗಳಾಗಿ ಹರಡಿ ಸಂದುಗಳನ್ನು ಮುಚ್ಚುತ್ತದೆ. ಅದರಲ್ಲಿ ಹುಲ್ಲು ಹುಟ್ಟುವುದೂ ಕಡಿಮೆ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಬಯಲಿಗೆ ಅಂಥ ಮಾಡು ಸಾಕಾಗಿತ್ತು. ಮನೆಯ ಅಳತೆಯನ್ನು ಜನ ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಅಂಕಣದಲ್ಲಿ ಅಥವಾ ಖಣದಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಒಂದು ಮನೆ ಅಂಕಣ. ಊರ ಸುತ್ತ ದೊರೆಯುವ ಬೇವು ಜಾಲಿಗಳ ತುಂಡು ಎಷ್ಟು ಉದ್ದವೋ ಅಂಕಣವೂ ಅಷ್ಟೇ ಅಗಲ.

ಈ ಮನೆಗಳು ಓಣಿಯ ಉದ್ದಕ್ಕೂ ಗೋಡೆಗೆ ಗೋಡೆ ಕೂಡಿಕೊಂಡು ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಇದನ್ನು ನಮ್ಮವರ ಅಶಿಸ್ತೆಂದು ಬಗೆದವರಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಅಡಿ ಚೌಕದ ಒಂದು ಬಿಡಿ ಮನೆಗೆ ೮೦ ಅಡಿ ಉದ್ದದ ಹೊರಗೋಡೆ ಬೇಕು; ಅಂಥ ಹತ್ತು ಮನೆಗಳಿಗೆ ೮೦೦ ಅಡಿ. ಅವೇ ಹತ್ತು ಮನೆಗಳನ್ನು ಒಂದು ಸಾಲಿನಲ್ಲಿ ಕೂಡಿಸಿದರೆ ಮುಂದಿನ ಗೋಡೆ ೨೦೦ ಅಡಿ, ಹಿಂದಿನದು ೨೦೦ ಅಡಿ, ಅಡ್ಡಗೋಡೆಗಳು ಹನ್ನೊಂದು, ಅಂದರೆ ೨೨೦ ಅಡಿ; ಒಟ್ಟು ೬೨೦. ಐದೈದರ ಎರಡು ಸಾಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದರೆ ೫೪೦ ಅಡಿ ಸಾಕು. ಮೂರರಲ್ಲಿ ಒಂದು ಭಾಗದಷ್ಟು ಗೋಡೆ ಉಳಿಯಿತು. ಗೋಡೆ ಉಳಿದರೆ ಅದರ ಅಡಿಪಾಯವೂ ಉಳಿಯುತ್ತದೆ. ಯಲಬುರ್ಗಾ ಭಾಗದ ಎರೆನೆಲದಲ್ಲಿ ಇದು ಸಣ್ಣ ಮಾತಲ್ಲ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಆ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ನೆಲದಡಿ ಹೂಳುವ ಖರ್ಚು ಮೇಲೆ ಕಾಣುವ ಖರ್ಚಿಗೆ ಪೈಪೋಟಿ ಕೊಡುತ್ತದೆ. ಕಲ್ಲು ಹೇರಳವಾಗಿರುವ ಕುಷ್ಟಗಿಯ ಕಡೆ ಈ ಉಳಿತಾಯದ ತೂಕ ಸ್ವಲ್ಪ ಕಡಿಮೆ.

ನೆಲದ ಲೆಕ್ಕವೂ ಇದೆ. ಎರಡೂವರೆ ಅಡಿ ದಪ್ಪದ ಗೋಡೆಯಿಂದ ಹೊರಗಿನ ಅಳತೆ ಇಪ್ಪತ್ತು ಅಡಿ ಚೌಕವಿರುವ ಮನೆ ಕಟ್ಟಿದರೆ ಒಳಗೆ ಉಳಿಯುವುದು ಹದಿನೈದು ಅಡಿ ಚೌಕ. ೪೦೦ ಚದರಡಿಯಲ್ಲಿ ೧೭೫ ಚದರಡಿಯನ್ನು ಗೋಡೆಯೇ ನುಂಗಿತು. ಇಂಥ ಗೋಡೆಯನ್ನು ನೆರೆಯವನೊಡನೆ ಹಂಚಿಕೊಳ್ಳದವನು ತನ್ನ ನೆಲವನ್ನು ತಾನೇ ಕಳೆದುಕೊಂಡಂತೆ. ಊರು ಸುತ್ತಲಿನ ಕೋಟೆಯೂ ಇದೇ ಪಾಠವನ್ನು ಹೇಳುತ್ತಿತ್ತು. ಟಿಪ್ಪುವು ೧೭೮೬ರ ಸುಮಾರಿಗೆ ಭದ್ರಪಡಿಸಿದ, ೧೮೫೮ರಲ್ಲಿ ಮುಂಡರಗಿ ಭೀಮರಾಯನು ಹೋರಾಡಿ ಮಡಿದ ಕೊಪ್ಪಳದ ಕೋಟೆ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡದಲ್ಲದಿದ್ದರೂ ಹುಡೇವು, ಅಗಸೆ ಬಾಗಿಲುಗಳಿದ್ದ ಹಳ್ಳಿಗಳು ಈ ಸೀಮೆಯಲ್ಲಿ ಅನೇಕ. ಪ್ರತಿ ಮನೆಯೂ ನಾಲ್ಕು ಪಟ್ಟು ನೆಲವನ್ನು ಹಿಡಿದರೆ ಊರು ಸುತ್ತಲಿನ ಗೋಡೆ ಎರಡು ಪಟ್ಟು ಉದ್ದವಾಗಬೇಕು, ಕಾಯುವ ಜನವೂ ಎರಡು ಪಟ್ಟು ಬೇಕು. ಆದ್ದರಿಂದ ಒಳಗಿದ್ದವರು ಒತ್ತಾಗಿ ಇದ್ದರು.

ಬೆನ್ನಿಗೆ ಬೆನ್ನು ಹಚ್ಚಿದ ಮನೆಗೆ ಬೆಳಕು ಎಲ್ಲಿಂದ ಎಂದು ನೀವು ಕೇಳಬಹುದು. ಮೇಲಿನಿಂದ. ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿ ಇದಕ್ಕೆ ಉತ್ತರ. ಪಕ್ಕದ ಗೋಡೆಗಳಲ್ಲಿ ಕಿಟಕಿಯಿಲ್ಲದೆ ಬದುಕಲು ಸಾಧ್ಯವಾದದ್ದು ಮಾಳಿಗೆ ತನ್ನದೇ ಆಗಿದ್ದುದರಿಂದ. ಇದೊಂದು ಮುಖ್ಯ ಸಂಗತಿ. ನಮ್ಮ ಹಳೆಯ ಮನೆ ಗೋಡೆಯನ್ನು ಹಂಚಿಕೊಂಡಿತು, ಮಾಡನ್ನು ಹಂಚಿಕೊಳ್ಳಲಿಲ್ಲ. ಮೇಲೆ ಇನ್ನೊಬ್ಬರು ವಾಸಮಾಡತೊಡಗಿದೊಡನೆ ಬೆಳಕಿಂಡಿ ಮುಚ್ಚಿತು. ಬೆಳಕನ್ನು ಪಕ್ಕದಿಂದಲೇ ತರಬೇಕಾಯಿತು. ಪಕ್ಕವನ್ನು ತೆರೆಯಬೇಕಾದರೆ ಉಳಿಸಿದ ಗೋಡೆಯನ್ನು ಮತ್ತೆ ಕಟ್ಟಬೇಕಾಯಿತು. ಬಹುಮಹಡಿಯ ಕಟ್ಟಡದ ಕಷ್ಟಗಳೆಲ್ಲ ಇಲ್ಲಿಂದ ಆರಂಭವಾಗುತ್ತವೆ.

ಕೂಡುಗೋಡೆಗೆ ಅದರದೇ ನ್ಯಾಯವೂ ಇದ್ದಿತು. ಗೋಡೆಯಲ್ಲಿ ಗೂಡು ಕೊರೆಯುವವನು ಅರ್ಧ ದಪ್ಪವನ್ನು ಮೀರಬಾರದು. ತೊಲೆಯ ತುದಿಯನ್ನು ತನ್ನ ಪಾಲಿನ ಅರ್ಧದಲ್ಲೇ ಊರಬೇಕು. ತನ್ನ ಮಾಳಿಗೆಯ ನೀರು ನೆರೆಯವನ ಮಾಳಿಗೆಗೆ ಹರಿಯಬಾರದು. ಗೋಡೆ ಬಿದ್ದರೆ ಇಬ್ಬರೂ ಸೇರಿ ಎತ್ತಬೇಕು. ಹಿರಿಯರ ಬಾಯಿಂದ ಇಂಥ ಕಟ್ಟುಪಾಡುಗಳನ್ನು ನಾನು ಕೇಳಿದ್ದೇನೆ. ಅವುಗಳ ಸಲುವಾಗಿ ತಲೆತಲಾಂತರ ನಡೆದ ಜಗಳಗಳನ್ನೂ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಮಾತೊಂದುಂಟು. ಅದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಹೊಗಳುವುದು ಸರಿಯಲ್ಲ. ಗೋಡೆಯನ್ನು ಹಂಚಿಕೊಳ್ಳುತ್ತಿದ್ದುದು ಒಂದು ಕೇರಿಯೊಳಗಿನವರು, ಸಾಮಾನ್ಯವಾಗಿ ಒಂದೇ ಜಾತಿಯವರು ಅಥವಾ ಒಬ್ಬರೊಬ್ಬರ ನೀರು ಮುಟ್ಟುವವರು. ಕೂಡುಗೋಡೆಯ ಸಾಲು ಕೇರಿಯ ಅಂಚಿನಲ್ಲಿ ತಟ್ಟನೆ ನಿಲ್ಲುತ್ತಿತ್ತು. ಊರ ಹೊರಗಿನ ಕೇರಿಗೂ ಊರಿಗೂ ನಡುವೆ ಬಿಟ್ಟ ಬಯಲು ಗಾಳಿಬೆಳಕಿಗಾಗಿ ಬಿಟ್ಟದ್ದಲ್ಲ. ಆ ಕೇರಿಯ ಜನ ಮಿತವ್ಯಯದ ಈ ಇಡೀ ವ್ಯವಸ್ಥೆಯ ಹೊರಗಿದ್ದರು. ಕೋಟೆಯ ಗೋಡೆಯನ್ನು ಎತ್ತಲು ಮಾತ್ರ ಅವರ ತೋಳು ಬೇಕಾಗಿತ್ತು.

ಈ ಪದ್ಧತಿಗೆ ಮೊದಲ ಪೆಟ್ಟು ಕೊಟ್ಟದ್ದು ಪ್ಲೇಗು. ೧೮೯೬ರಲ್ಲಿ ಮುಂಬಯಿಗೆ ಕಾಲಿಟ್ಟ ಆ ವ್ಯಾಧಿ ೧೮೯೮ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲಪಿತು. ಮಣ್ಣಿನ ಗೋಡೆ, ಕಾಳಿನ ಹಗೇವು, ಗೋಡೆಯಿಂದ ಗೋಡೆಗೆ ದಾರಿ ಮಾಡಿಕೊಳ್ಳುವ ಇಲಿ, ಅದರ ಮೈಮೇಲಿನ ಚಿಗಟ, ಇವೆಲ್ಲ ಕೂಡಿ ಒಂದು ಮನೆಯ ಸಾವು ಸಾಲಿನ ಸಾವಾಯಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳು ಅಗಲ ಬೀದಿ, ಸುತ್ತ ಬಯಲುಳ್ಳ ಬಿಡಿ ಮನೆಗಳೊಡನೆ ಬೆಳೆದವು. ನಮ್ಮ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು. ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಹೈದರಾಬಾದಿನಲ್ಲಿಯೂ ೧೯೧೨ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿ ಇಕ್ಕಟ್ಟಿನ ಕೇರಿಗಳನ್ನು ಬಿಡಿಸುವ ಕೆಲಸಕ್ಕೆ ಕೈಹಾಕಿತು. ಒತ್ತೊತ್ತಾದ ಮನೆಯೆಂದರೆ ರೋಗ, ಬಿಡಿ ಮನೆಯೆಂದರೆ ಆರೋಗ್ಯ ಎಂಬ ಭಾವನೆ ಅಂದಿನಿಂದ ಸರ್ಕಾರದ ಕಾಗದಗಳಲ್ಲೂ ವಿದ್ಯಾವಂತರ ಮನಸ್ಸಿನಲ್ಲೂ ನೆಲೆಯೂರಿತು. ಅಂದಿಗೆ ಅದು ತಪ್ಪೂ ಆಗಿರಲಿಲ್ಲ. ತಪ್ಪಾದದ್ದು, ರೋಗದ ಕಾರಣ ಇಲಿಯೇ ಹೊರತು ಗೋಡೆಯಲ್ಲವೆಂದು ತಿಳಿದ ಮೇಲೂ ನಿಯಮವನ್ನು ಮರುಪರಿಶೀಲಿಸದೆ ಎಲ್ಲ ಊರಿಗೂ ಹಂಚಿದ್ದು.

ಮೂವತ್ತು ನಲವತ್ತರ ನಿವೇಶನವನ್ನು ತೆಗೆದುಕೊಳ್ಳಿ. ೧,೨೦೦ ಚದರಡಿ. ಸುತ್ತ ಮೂರು ಮೂರು ಅಡಿ ಬಿಟ್ಟರೆ ಕಟ್ಟಲು ಉಳಿಯುವುದು ಇಪ್ಪತ್ನಾಲ್ಕು ಮೂವತ್ನಾಲ್ಕು, ಅಂದರೆ ೮೧೬ ಚದರಡಿ. ನೂರಕ್ಕೆ ೩೨ ಭಾಗ ಬಯಲಾಯಿತು. ಆ ಬಯಲಾದರೂ ಎಂಥದು? ಎರಡು ಮನೆಗಳ ನಡುವಿನ ಕಿರುಸಂದಿ. ಮಗು ಆಡಲು ಸಾಲದು, ಗಿಡ ಬೆಳೆಯಲು ಬಿಸಿಲಿಲ್ಲ. ಬೇಸಗೆಯಲ್ಲಿ ಕಾದ ಗೋಡೆ ಎದುರಿನ ಗೋಡೆಯನ್ನೂ ಕಾಯಿಸುತ್ತದೆ. ಕೂಡುಗೋಡೆಯ ಮನೆಗೆ ಪಕ್ಕದ ಬಿಸಿಲು ತಾಗುವುದೇ ಇಲ್ಲ. ಸಾಲಿನ ಕೊನೆಯ ಮನೆಯೊಂದು ಮಾತ್ರ ಪಡುವಣ ಬಿಸಿಲನ್ನು ಎಲ್ಲರ ಪರವಾಗಿ ಹೊರುತ್ತದೆ.

ಹಾಗಾದರೆ ಮಹಡಿಯ ಮೇಲೆ ಮಹಡಿ ಏರಿಸಿದರೆ ಇನ್ನೂ ಲಾಭವಲ್ಲವೆ? ಮತ್ತೆ ನಮ್ಮ ಹತ್ತು ಮನೆಗಳಿಗೇ ಬರೋಣ. ಕೆಳಗೆ ಐದು, ಮೇಲೆ ಐದು. ಒಂದೊಂದು ಅಂತಸ್ತಿಗೆ ೩೨೦ ಅಡಿ ಗೋಡೆ, ಒಟ್ಟು ೬೪೦. ಒಂದೇ ಸಾಲಿನಲ್ಲಿದ್ದಾಗ ೬೨೦ ಇತ್ತು. ಅಂದರೆ ಎತ್ತರಕ್ಕೆ ಏರಿಸಿದ್ದರಿಂದ ಗೋಡೆ ಒಂದಡಿಯೂ ಉಳಿಯಲಿಲ್ಲ. ಉಳಿದದ್ದು ಅಡಿಪಾಯ: ೬೨೦ ಅಡಿಯ ಬದಲು ೩೨೦. ಉಳಿದದ್ದು ಮಳೆ ಬಿಸಿಲಿಗೆ ಒಡ್ಡಿದ ಮಾಡು: ೪,೦೦೦ ಚದರಡಿಯ ಬದಲು ೨,೦೦೦. ಉಳಿದದ್ದು ನೆಲ, ಜೊತೆಗೆ ಬೀದಿ, ಚರಂಡಿ, ನೀರಿನ ಕೊಳವೆಗಳ ಉದ್ದ. ಇದಕ್ಕೆ ಪ್ರತಿಯಾಗಿ ಮೆಟ್ಟಿಲು ಬಂದಿತು, ನೀರನ್ನು ಮೇಲೆತ್ತುವ ಕೆಲಸ ಬಂದಿತು. ಇನ್ನೂ ಮೇಲೇರಿದರೆ ಕೆಳಗಿನ ಕಂಬಗಳಿಗೆ ಉಕ್ಕು ಹೆಚ್ಚಬೇಕು, ಲಿಫ್ಟು ಬೇಕು, ಬೆಂಕಿಯ ಮುನ್ನೆಚ್ಚರಿಕೆ ಬೇಕು, ಎಲ್ಲರೂ ನಡೆದಾಡುವ ಹಾದಿಗಳಿಗಾಗಿ ಪ್ರತಿಯೊಬ್ಬನೂ ಜಾಗ ಬಿಟ್ಟುಕೊಡಬೇಕು. ಎರಡನೆಯ ಅಂತಸ್ತು ತಂದುಕೊಟ್ಟಷ್ಟು ಲಾಭವನ್ನು ಹತ್ತನೆಯದು ತಂದುಕೊಡುವುದಿಲ್ಲ. ಗಗನಚುಂಬಿ ಕಟ್ಟಡಗಳು ಏಳುವುದು ಕಟ್ಟುವ ಖರ್ಚು ಕಡಿಮೆಯೆಂದಲ್ಲ. ನೆಲದ ಬೆಲೆ ವಿಪರೀತವೆಂದು. ಬಡವರಿಗೂ ಮಧ್ಯಮ ವರ್ಗದವರಿಗೂ ಕಟ್ಟಿದ ಒಟ್ಟುಮನೆಗಳು ಲಿಫ್ಟಿಲ್ಲದೆ ಮೂರು ನಾಲ್ಕು ಅಂತಸ್ತಿಗೆ ನಿಂತಿರುವುದನ್ನೇ ನಾವು ಹೆಚ್ಚಾಗಿ ಕಾಣುತ್ತೇವೆ. ಮುಂಬಯಿಯಲ್ಲಿ ೧೯೨೦ರ ದಶಕದಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಬಿಡಿಡಿ ಚಾಳುಗಳು ನೆಲ ಅಂತಸ್ತು ಮತ್ತು ಮೂರು ಮಹಡಿಗಳವು.

ಮಿತವ್ಯಯವನ್ನು ಅತಿಯಾಗಿ ನಂಬಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್ ಐಗೋ ಬಡಾವಣೆ ಪ್ರಸಿದ್ಧ ಉದಾಹರಣೆ. ಬಡವರಿಗಾಗಿ ಹನ್ನೊಂದು ಅಂತಸ್ತಿನ ೩೩ ಕಟ್ಟಡಗಳು. ೧೯೫೪ರಿಂದ ಜನ ಬಂದು ನೆಲಸಿದರು. ಖರ್ಚು ಉಳಿಸಲು ಲಿಫ್ಟು ಪ್ರತಿ ಮೂರನೆಯ ಅಂತಸ್ತಿನಲ್ಲಷ್ಟೇ ನಿಲ್ಲುವಂತೆ ಮಾಡಿದ್ದರು. ದುರಸ್ತಿಗೆ ಹಣ ಬರುವ ದಾರಿಯನ್ನು ಮಾತ್ರ ಸರಿಯಾಗಿ ಯೋಚಿಸಿರಲಿಲ್ಲ. ೧೯೭೨ರಲ್ಲಿ ಅವುಗಳನ್ನು ಸಿಡಿಮದ್ದಿಟ್ಟು ಕೆಡವಲು ಆರಂಭಿಸಿದರು. ಇಪ್ಪತ್ತು ವರ್ಷ ಬಾಳದ ಕಟ್ಟಡದಲ್ಲಿ ಉಳಿಸಿದ ಸಿಮೆಂಟಿನ ಲೆಕ್ಕ ಯಾರಿಗೆ ಬೇಕು? ಅದೇ ೧೯೭೨ರಲ್ಲಿ ನಮ್ಮ ರಾಜ್ಯದಲ್ಲಿ ಅಪಾರ್ಟ್‌ಮೆಂಟ್ ಮಾಲಿಕತ್ವದ ಕಾನೂನು ರೂಪುಗೊಂಡಿತು. ನೆಲ, ಅಡಿಪಾಯ, ಮುಖ್ಯ ಗೋಡೆ, ಮಾಡು, ಮೆಟ್ಟಿಲುಗಳು ಎಲ್ಲರಿಗೂ ಸೇರಿದ್ದು, ಅವುಗಳ ಖರ್ಚೂ ಎಲ್ಲರದು ಎಂಬುದು ಅದರ ತಿರುಳು. ಗೂಡು ಅರ್ಧ ದಪ್ಪವನ್ನು ಮೀರಬಾರದೆಂಬ ಹಳೆಯ ಕಟ್ಟುಪಾಡಿನ ವಂಶಸ್ಥನೇ ಈ ಕಾನೂನು.

ಬಿಡಿ ಮನೆಯ ಪರವಾಗಿಯೂ ಒಂದು ಬಲವಾದ ಮಾತಿದೆ. ನಮ್ಮ ಒಕ್ಕಲಿಗನು ಮನೆಯನ್ನು ಒಮ್ಮೆಲೇ ಕಟ್ಟಿದವನಲ್ಲ. ಸುಗ್ಗಿ ಚೆನ್ನಾಗಿ ಬಂದ ವರ್ಷ ಎರಡು ಅಂಕಣ, ಮಗನ ಮದುವೆಗೆ ಮುನ್ನ ಇನ್ನೊಂದು. ಕಂತು ಸಾಲವಿಲ್ಲದ ಕಾಲದಲ್ಲಿ ಅಂಕಣವೇ ಕಂತು. ಅಪಾರ್ಟ್‌ಮೆಂಟಿಗೆ ಈ ಸೌಲಭ್ಯವಿಲ್ಲ. ಕೊನೆಯ ಮಾಡು ಬೀಳುವವರೆಗೆ ಮೊದಲ ಸಂಸಾರವೂ ಒಳಗೆ ಬರುವಂತಿಲ್ಲ, ಬಂದ ಮೇಲೆ ಒಂದು ಕೋಣೆಯನ್ನೂ ಹೆಚ್ಚಿಸುವಂತಿಲ್ಲ. ದನ, ನೇಗಿಲು, ಮೇವು, ಕಾಳು ಇರುವವನಿಗೆ ಮೂರನೆಯ ಅಂತಸ್ತು ಮನೆಯಾಗಲಾರದು.

ಈ ವಿವೇಚನೆ ಎಲ್ಲಿ ಅಗತ್ಯವಾಗಿತ್ತೋ ಅಲ್ಲಿ ನಾವು ಅದನ್ನು ಮಾಡಲಿಲ್ಲ. ೧೯೪೫ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಕಲ್ಲು, ಸುಣ್ಣ, ಸುರ್ಕಿಗಳಿಂದ ಎದ್ದ ಆ ಮಹಾ ಗೋಡೆಯ ಹಿಂದೆ ಹತ್ತಾರು ಹಳ್ಳಿಗಳ ಕೂಡುಗೋಡೆಗಳು ಮುಳುಗಿದವು. ಎಡದಂಡೆಯ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿತು, ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳಲ್ಲಿ ನೆಲಸಿದರು. ಹೊಸ ಊರುಗಳನ್ನು ಗೆರೆ ಎಳೆದು ಅಳೆದು ಕೊಟ್ಟದ್ದಾಯಿತು. ಆದರೆ ಓಣಿಯನ್ನು ಅಳೆದು ಕೊಡಲು ಬರುತ್ತದೆಯೆ? ಮುಂದೆ ೨೦೦೯ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳು ಸಾಲುಸಾಲಾಗಿ ಕುಸಿದವು. ಒಂದು ಗೋಡೆ ನೆನೆದರೆ ಎರಡು ಮನೆ ಬೀಳುವುದೇ ಕೂಡುಗೋಡೆಯ ದೊಡ್ಡ ದೋಷವೆಂಬುದು ಆಗ ಎಲ್ಲರಿಗೂ ಕಂಡಿತು. ‘ಆಸರೆ’ ಎಂಬ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಸೇರಿ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಆದರೆ ಅನೇಕ ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ದನಕ್ಕೆ ಜಾಗವಿಲ್ಲ, ಹೊಲ ದೂರ, ಅಂಕಣ ಬೆಳೆಸಲು ಎಡೆಯಿಲ್ಲ, ಪಕ್ಕದಲ್ಲಿ ಹಳೆಯ ನೆರೆಯವರಿಲ್ಲ. ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಒಂದು ನೆರೆ ಬಂದು ಇನ್ನೊಂದು ನೆರೆಯನ್ನು ಕೊಚ್ಚಿಕೊಂಡು ಹೋಯಿತು. ಜನ ವಾಸಿಸದ ಮನೆಯನ್ನು ಎಷ್ಟೇ ಕಡಿಮೆ ಖರ್ಚಿನಲ್ಲಿ ಕಟ್ಟಿದ್ದರೂ ಅದು ದುಬಾರಿಯ ಮನೆಯೇ.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಗಿಣಿಗೇರಿಯ ಸುತ್ತ ಕಾರ್ಖಾನೆಗಳು ಬಂದವು, ಊರುಗಳ ಅಂಚಿನಲ್ಲಿ ಹೊಲಗಳು ನಿವೇಶನಗಳಾಗುತ್ತಿವೆ. ಗಂಗಾವತಿಯ ಅಂಚಿನಲ್ಲಿ ನಿವೇಶನವಾಗುವ ಪ್ರತಿ ಎಕರೆಯೂ ನೀರಾವರಿಯ ಎಕರೆಯೆಂಬುದನ್ನು ಮರೆಯಬಾರದು. ಇಲ್ಲಿ ಹತ್ತು ಅಂತಸ್ತಿನ ಕಟ್ಟಡಗಳು ಬೇಕಿಲ್ಲ. ಮೂರಡಿಯ ಸಂದಿ ಬಿಟ್ಟ ಬಿಡಿ ಮನೆಗಳ ಹರವೂ ಬೇಕಿಲ್ಲ. ಪಕ್ಕದ ಗೋಡೆಯನ್ನು ಹಂಚಿಕೊಂಡ, ಮುಂದೆ ಹಿಂದೆ ಗಾಳಿಬೆಳಕುಳ್ಳ, ಎರಡು ಮೂರು ಅಂತಸ್ತಿನ ಸಾಲುಮನೆ ಈ ಬಿಸಿಲಿಗೂ ಈ ಎರೆನೆಲಕ್ಕೂ ಈ ಜನದ ಜೇಬಿಗೂ ಒಗ್ಗುತ್ತದೆಯೆಂದು ಲೆಕ್ಕವೂ ಇತಿಹಾಸವೂ ಹೇಳುತ್ತವೆ. ಅಡಿಪಾಯವನ್ನು ಮೊದಲೇ ಭದ್ರವಾಗಿ ಹಾಕಿಕೊಟ್ಟರೆ ಮೇಲಿನ ಅಂಕಣವನ್ನು ಅವನವನ ಸುಗ್ಗಿ ಕಟ್ಟಿಕೊಳ್ಳುತ್ತದೆ. ಇಟ್ಟಿಗೆಯ ಬದಲು ಗಟ್ಟಿಗೊಳಿಸಿದ ಮಣ್ಣಿನ ಅಚ್ಚುಗಳನ್ನು ಬಳಸುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಬೆಳೆಸಿದ್ದಾರೆ. ನೆನೆದು ಕುಸಿಯದ ಮಣ್ಣಿನ ಗೋಡೆ ಈಗ ಸಾಧ್ಯ.

ಉಳಿಯುವ ಪ್ರಶ್ನೆ ಒಂದೇ: ಗೋಡೆಯನ್ನು ಯಾರೊಡನೆ ಹಂಚಿಕೊಳ್ಳುವುದು? ಹಳೆಯ ಓಣಿಯಲ್ಲಿ ಅದನ್ನು ಜಾತಿ ತೀರ್ಮಾನಿಸುತ್ತಿತ್ತು. ಹೊಸ ಸಾಲಿನಲ್ಲಿ ಚೀಟಿ ಎತ್ತಿ ಹಂಚಿದ ಮನೆಯ ಪಕ್ಕ ಯಾರಾದರೂ ಬರಬಹುದು. ಹೀಗೆ ಬಂದವರನ್ನು ಒಲ್ಲೆನೆಂದು ಮನೆ ಬಿಟ್ಟವರನ್ನೂ ಬಲ್ಲೆ. ಒಂದೇ ಮೆಟ್ಟಿಲನ್ನು ಸರದಿಯ ಮೇಲೆ ಗುಡಿಸುತ್ತ ಹತ್ತು ವರ್ಷ ಬಾಳಿದವರನ್ನೂ ಬಲ್ಲೆ. ಎರಡನೆಯವರ ಸಂಖ್ಯೆ ಹೆಚ್ಚಿದಷ್ಟೂ ಎಂಜಿನಿಯರ ಲೆಕ್ಕ ನಿಜವಾಗುತ್ತದೆ. ಹೊಸ ಬಡಾವಣೆಯ ನಕ್ಷೆ ಬರೆಯುವವರು ಬೀದಿಯ ಅಗಲವನ್ನು ಗುರುತಿಸುವ ಮುನ್ನ ಈ ಪ್ರಶ್ನೆಯನ್ನು ಅಲ್ಲಿಗೆ ಬರುವ ಜನರೊಡನೆ ಕುಳಿತು ಮಾತನಾಡಲಿ. ನಕ್ಷೆಯಲ್ಲಿ ಉಳಿಸಿದ ಗೋಡೆ ನೆಲದ ಮೇಲೂ ಉಳಿಯಬೇಕಾದರೆ ಬೇರೆ ದಾರಿಯಿಲ್ಲ.